ಇಲಿ ಬಿದ್ದ ಮನೆ, ಸೋಜರು ಹೊಕ್ಕ ಮನೆ

ನಮ್ಮ ಬಳಗದ ತಿಂಗಳ ಕೂಟದಲ್ಲಿ ಕಳೆದ ಸಲ ಮಾತನಾಡಿದವಳು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಸಂಶೋಧನ ವಿದ್ಯಾರ್ಥಿನಿ. ತಂದೆತಾಯಿಗಳ ಊರು ಗದಗಿನ ಹತ್ತಿರ. ಆರೋಗ್ಯ ಸಂವಹನ ಅವಳ ಡಾಕ್ಟರೇಟ್ ವಿಷಯ. ಜನರಿಗೆ ತಿಳಿವಳಿಕೆ ಹೇಳಿದ ಮಾತ್ರಕ್ಕೆ ಅವರು ನಡವಳಿಕೆಯನ್ನು ಬದಲಿಸಿಕೊಳ್ಳುತ್ತಾರೆಯೇ, ಇಲ್ಲವಾದರೆ ಏಕಿಲ್ಲ ಎಂಬುದು ಅವಳ ಪ್ರಶ್ನೆ. ಕನ್ನಡದಲ್ಲಿ ಶಾಸ್ತ್ರದ ಮಾತುಗಳಿಗೆ ತಡವರಿಸುತ್ತಲೇ ಅವಳು ಆ ವಿದ್ಯೆಯ ಒಂದು ಮೂಲಕಥೆಯನ್ನು ನಮಗೆ ಹೇಳಿದಳು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಕ್ಷಯರೋಗ ಪತ್ತೆಗೆಂದು ಎಕ್ಸ್‌ರೇ ವಾಹನಗಳನ್ನು ಬೀದಿ ಬೀದಿಗೆ ಕಳಿಸಿದರಂತೆ. ಪರೀಕ್ಷೆ ಉಚಿತ, ವಾಹನ ಮನೆಯ ಸಮೀಪ. ಆದರೂ ಬಂದವರು ನಿರೀಕ್ಷೆಗಿಂತ ಕಡಿಮೆ. ಏಕೆಂದು ಹುಡುಕಹೊರಟ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನಶ್ಶಾಸ್ತ್ರಜ್ಞರು ಒಂದು ಲೆಕ್ಕವನ್ನು ಕಟ್ಟಿದರು. ಈ ರೋಗ ನನಗೆ ತಗುಲೀತೇ, ತಗುಲಿದರೆ ಎಷ್ಟು ಘೋರ, ಹೇಳಿದಂತೆ ಕೇಳಿದರೆ ಲಾಭವೇನು, ಅದಕ್ಕೆ ಅಡ್ಡಿಗಳೇನು ಎಂದು ಮನುಷ್ಯ ತನ್ನೊಳಗೇ ತೂಗಿ ನೋಡುತ್ತಾನೆ. ಆ ತೂಕದಂತೆ ನಡೆಯುತ್ತಾನೆ. ಆರೋಗ್ಯ ನಂಬಿಕೆಯ ಮಾದರಿ ಎಂದು ಇದಕ್ಕೆ ಹೆಸರು.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮ ಬಳಗದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಮಾತು ಕೇಳಿದರು: “ತಂಗಿ, ಪ್ಲೇಗಿನ ಕಾಲದಾಗ ಮಂದಿ ಮುಂಬೈ ಬಿಟ್ಟು ಓಡಿದ್ರಲ್ಲ, ಅವರು ರೋಗಕ್ಕ ಅಂಜಿ ಓಡಿದ್ರೋ, ದವಾಖಾನಿಗೆ ಅಂಜಿ ಓಡಿದ್ರೋ? ನಿನ್ನ ಲೆಕ್ಕದಾಗ ಅದು ಯಾವ ಕಡೆ ಬರತದ?”

ಹುಡುಗಿ ನಕ್ಕು, ಯೋಚಿಸಿ ಹೇಳುತ್ತೇನೆ ಅಜ್ಜಾ ಎಂದಳು. ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಾವು ವಾಸಿಸುವ ಈ ನಗರಗಳ ಕಥೆಯೂ ನಾವು ಬಿಟ್ಟುಬಂದ ಊರುಗಳ ಕಥೆಯೂ ಒಂದೇ ದಾರದಲ್ಲಿ ಪೋಣಿಸಿಕೊಂಡಿರುವ ಪ್ರಸಂಗ ಅದು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಾಂಡವಿಯ ಗೋದಾಮಿಗೂ ಹುಬ್ಬಳ್ಳಿಯ ಪೇಟೆಗೂ ಆಳುವ ಸರ್ಕಾರ ಒಂದೇ, ಬಂದೆರಗಿದ ರೋಗವೂ ಒಂದೇ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಪಕ್ಕದ ಮಾಂಡವಿಯಲ್ಲಿ ವೈದ್ಯ ಅಕಾಸಿಯೊ ವಿಯೇಗಾಸ್ ಅವರು ವಿಚಿತ್ರವಾದ ಜ್ವರವೊಂದನ್ನು ಕಂಡರು. ತೊಡೆಸಂದಿನಲ್ಲಿ, ಕಂಕುಳಲ್ಲಿ ಗಡ್ಡೆ. ಕೆಲವೇ ದಿನಗಳಲ್ಲಿ ಸಾವು. ಇದು ಪ್ಲೇಗು ಎಂದು ಅವರು ಸಾರಿದಾಗ ಒಪ್ಪಲು ಹಿಂದೆಮುಂದೆ ನೋಡಿದವರೇ ಹೆಚ್ಚು. ವ್ಯಾಪಾರ ನಿಲ್ಲುತ್ತದೆಂಬ ಭಯ ಯಾವ ಕಾಲಕ್ಕೂ ಇದ್ದದ್ದೇ. ಒಪ್ಪಿದ ಮೇಲೆ ನಗರಸಭೆ ಅತ್ತ ತುದಿಗೆ ಹೋಯಿತು. ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಬೆರೆಸಿದ ನೀರು ನುಗ್ಗಿಸಿದರು. ಬೆಳಕು ಬರಲೆಂದು ಮನೆಗಳ ಹೆಂಚು ಕಿತ್ತರು. ವಾಸಕ್ಕೆ ಯೋಗ್ಯವಲ್ಲದ ಮನೆ ಎಂಬುದನ್ನು ಸೂಚಿಸಲು ಯು.ಎಚ್.ಎಚ್. ಎಂಬ ಮೂರು ಅಕ್ಷರಗಳನ್ನು ಗೋಡೆಯ ಮೇಲೆ ಬರೆದರು. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಎಳೆದೊಯ್ದರು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಕೆಲವೇ ಪರಿಚ್ಛೇದಗಳ ಪುಟ್ಟ ಕಾಯಿದೆ. ಆದರೆ ಸರ್ಕಾರ ಯಾರ ಮನೆಗಾದರೂ ನುಗ್ಗಿ ಏನನ್ನಾದರೂ ಮಾಡಬಹುದೆಂಬ ಅಧಿಕಾರ ಅದರಲ್ಲಿ ತುಂಬಿತ್ತು. ಕೋವಿಡ್ ಕಾಲದಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂರಿಸಿದ ಆದೇಶಗಳ ಹಿಂದೆಯೂ ಅದೇ ಹಳೆಯ ಕಾಯಿದೆಯ ಬಲವಿತ್ತು.

ಜನರಿಗೆ ರೋಗದ ಭಯ ಇರಲಿಲ್ಲವೆಂದಲ್ಲ. ನಗರದ ಹತ್ತಿರ ಹತ್ತಿರ ಅರ್ಧದಷ್ಟು ಜನ ಆ ಚಳಿಗಾಲದಲ್ಲಿ ಮುಂಬಯಿ ಬಿಟ್ಟು ಹೋದರು. ಆದರೆ ನಮ್ಮ ಹಿರಿಯರು ಕೇಳಿದಂತೆ, ಆ ಭಯದೊಳಗೆ ಎರಡು ಭಯಗಳಿದ್ದವು. 1896ರ ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ನುಗ್ಗಿತು. ಒಳಗೆ ಹೋದವರು ಹೊರಗೆ ಬರುವುದಿಲ್ಲ, ಅಲ್ಲಿ ರೋಗಿಗಳನ್ನು ಕೊಂದು ದೇಹದಿಂದ ಮೊಮಿಯಾಯಿ ಎಂಬ ತೈಲ ತೆಗೆಯುತ್ತಾರೆ ಎಂಬ ವದಂತಿ ನಗರದಲ್ಲೆಲ್ಲ ಹಬ್ಬಿತ್ತು. ಈ ವದಂತಿಗಳನ್ನು ಅಂದಿನ ಅಧಿಕಾರಿಗಳು ಮೂಢತನದ ಮಾದರಿಗಳೆಂದು ತಮ್ಮ ವರದಿಗಳಲ್ಲಿ ದಾಖಲಿಸಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಆಸ್ಪತ್ರೆಗೆ ಬಹುತೇಕ ರೋಗಿಗಳು ಬರುತ್ತಿದ್ದುದೇ ಕೊನೆಯ ಗಳಿಗೆಯಲ್ಲಿ. ಬಂದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಆಗ ಪ್ಲೇಗಿಗೆ ಮದ್ದೂ ಇರಲಿಲ್ಲ. ಒಳಗೆ ಹೋದವರು ಹೊರಗೆ ಬರುವುದಿಲ್ಲ ಎಂಬುದು ಬೀದಿಯಲ್ಲಿ ನಿಂತು ನೋಡಿದವರಿಗೆ ಕಣ್ಣೆದುರಿನ ಸತ್ಯ. ಕಾರಣವನ್ನು ಮಾತ್ರ ಅವರು ತಮಗೆ ತಿಳಿದ ಹಾಗೆ ಕಲ್ಪಿಸಿಕೊಂಡರು.

ಪುಣೆಯಲ್ಲಿ ನಡೆದದ್ದು ಇನ್ನೂ ಕಹಿ. 1897ರಲ್ಲಿ ಅಲ್ಲಿನ ವಿಶೇಷ ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿ ಬಂದ ವಾಲ್ಟರ್ ರ್ಯಾಂಡ್ ಮನೆ ಮನೆ ತಪಾಸಣೆಗೆ ಗೋರಾ ಸೋಜರನ್ನು ಇಳಿಸಿದ. ರೋಗಿಗಳನ್ನು ಬಚ್ಚಿಟ್ಟಿದ್ದಾರೆಯೇ ಎಂದು ನೋಡಲು ದೇವರ ಮನೆ, ಅಡುಗೆ ಮನೆ, ಹೆಂಗಸರ ಕೋಣೆ ಒಂದನ್ನೂ ಬಿಡಲಿಲ್ಲ. ಕಂಕುಳು, ತೊಡೆಸಂದುಗಳನ್ನು ಮುಟ್ಟಿ ನೋಡುವುದು ಪರೀಕ್ಷೆಯ ಕ್ರಮ. ಅಪರಿಚಿತ ಗಂಡಸೊಬ್ಬ ಎಲ್ಲರೆದುರು ಮನೆಯ ಹೆಣ್ಣುಮಗಳನ್ನು ಹಾಗೆ ಪರೀಕ್ಷಿಸುವುದನ್ನು ಸಹಿಸಿಕೊಂಡು ಕೂರುವ ಸಮಾಜ ಯಾವುದಿದೆ? ಟಿಳಕರು ತಮ್ಮ ‘ಕೇಸರಿ’ಯಲ್ಲಿ ಈ ಕ್ರೌರ್ಯವನ್ನು ಖಂಡಿಸುತ್ತಲೇ ಸ್ವತಃ ಹಿಂದೂಗಳಿಗಾಗಿ ಪ್ಲೇಗ್ ಆಸ್ಪತ್ರೆ ನಡೆಸಿದರು, ಎಂದರೆ ಅವರ ವಿರೋಧ ಚಿಕಿತ್ಸೆಗಲ್ಲ, ರೀತಿಗೆ. ಆಗ ಲಂಡನ್ನಿನಲ್ಲಿದ್ದ ಗೋಖಲೆಯವರು ಪುಣೆಯ ಹೆಂಗಸರ ಮೇಲೆ ಸೋಜರು ನಡೆಸಿದ ಅತ್ಯಾಚಾರದ ಆರೋಪವನ್ನು ಅಲ್ಲಿ ಬಹಿರಂಗವಾಗಿ ಹೇಳಿ, ಊರಿಗೆ ಮರಳಿದ ಮೇಲೆ ಪುರಾವೆ ಒದಗಿಸಲಾಗದೆ ಕ್ಷಮೆ ಕೇಳಬೇಕಾಯಿತು. ಜೂನ್ 22ರ ರಾತ್ರಿ, ರಾಣಿ ವಿಕ್ಟೋರಿಯಾಳ ವಜ್ರ ಮಹೋತ್ಸವದ ಔತಣ ಮುಗಿಸಿ ಗಣೇಶಖಿಂಡದಿಂದ ಹಿಂದಿರುಗುತ್ತಿದ್ದ ರ್ಯಾಂಡನಿಗೂ ಆಯರ್ಸ್ಟ್ ಎಂಬ ಇನ್ನೊಬ್ಬ ಅಧಿಕಾರಿಗೂ ಚಾಪೇಕರ್ ಸಹೋದರರ ಗುಂಡುಗಳು ತಗುಲಿದವು. ಮುಂದಿನದು ಶಾಲೆಯ ಪಠ್ಯಗಳಲ್ಲೇ ಇದೆ: ಗಲ್ಲು, ಟಿಳಕರಿಗೆ ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆ.

ಪಠ್ಯಗಳಲ್ಲಿ ಅಷ್ಟಾಗಿ ಜೊತೆಗಿಟ್ಟು ಹೇಳದ ಇನ್ನೊಂದು ಸಂಗತಿ ಅದೇ ಪುಣೆಯಲ್ಲಿ, ಅದೇ ವರ್ಷದ ಮಾರ್ಚಿನಲ್ಲಿ ನಡೆಯಿತು. ಸಾವಿತ್ರಿಬಾಯಿ ಫುಲೆ ಅವರೂ ಅವರ ದತ್ತುಮಗ, ವೈದ್ಯ ಯಶವಂತರೂ ಊರ ಹೊರಗೆ ಪ್ಲೇಗ್ ರೋಗಿಗಳ ಆರೈಕೆಗೆ ನಿಂತಿದ್ದರು. ಕಾಯಿಲೆ ಬಿದ್ದ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ಬೆನ್ನ ಮೇಲೆ ಹೊತ್ತು ತಂದರೆಂದೂ ಆ ಸೋಂಕು ಅವರಿಗೆ ತಗುಲಿತೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮಾರ್ಚ್ 10ರಂದು ಅವರು ತೀರಿಕೊಂಡರು. ರ್ಯಾಂಡನ ಸೋಜರು ಮಾಡಬೇಕೆಂದು ಹೊರಟದ್ದೂ ರೋಗಿಯನ್ನು ಮನೆಯಿಂದ ಆಸ್ಪತ್ರೆಗೆ ಒಯ್ಯುವ ಇದೇ ಕೆಲಸವನ್ನೇ ಅಲ್ಲವೇ?

ಇಷ್ಟು ಬಲವಂತದ ಫಲವೇನು? ಇಲ್ಲಿ ಇತಿಹಾಸದ ಒಂದು ವ್ಯಂಗ್ಯವಿದೆ. ನಮ್ಮ ಸಂಶೋಧಕಿಗೆ ನಾವು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದೂ ಅದೇ. ಪ್ಲೇಗಿನ ಸೂಕ್ಷ್ಮಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರೂ ಅದು ಮನುಷ್ಯನಿಗೆ ತಲುಪುವ ದಾರಿ ಯಾರಿಗೂ ಸ್ಪಷ್ಟವಿರಲಿಲ್ಲ. ಕೊಳಕು, ದುರ್ಗಂಧ, ಜನದಟ್ಟಣೆ, ರೋಗಿಯ ಸ್ಪರ್ಶ ಎಂದೇ ಅಧಿಕಾರಿಗಳು ನಂಬಿದ್ದರು. ಸತ್ತ ಇಲಿಯ ಮೈ ಬಿಟ್ಟ ಚಿಗಟ ಮನುಷ್ಯನನ್ನು ಕಚ್ಚಿ ರೋಗ ಹರಡುತ್ತದೆಂಬುದನ್ನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನೂ ಬಹಳ ಮಂದಿ ಒಪ್ಪಲಿಲ್ಲ. 1905ರಿಂದಾಚೆಗೆ ಮುಂಬಯಿಯ ಪ್ರಯೋಗಾಲಯದಲ್ಲಿ ನಡೆದ ದೀರ್ಘ ಪರೀಕ್ಷೆಗಳ ಬಳಿಕವೇ ಅದು ನೆಲೆಗೊಂಡಿತು. ಅಂದರೆ 1897ರಲ್ಲಿ ಪುಣೆಯ ಮನೆಗಳಿಗೆ ನುಗ್ಗಿದ ದಂಡು ಹುಡುಕುತ್ತಿದ್ದುದು ಮನುಷ್ಯರನ್ನು. ಇಲಿಗಳು ಅವರ ಬೂಟುಗಾಲಿನ ಸದ್ದಿಗೆ ಪಕ್ಕದ ಮನೆ ಸೇರಿಕೊಳ್ಳುತ್ತಿದ್ದವು. ಚರಂಡಿ ತೊಳೆದದ್ದರಿಂದ ಇಲಿಗಳು ಮನೆಗಳತ್ತಲೇ ಓಡಿದವೆಂದು ಮುಂದೆ ಬರೆದವರಿದ್ದಾರೆ.

ಇಲಿಯ ಸಂಗತಿ ನಮ್ಮ ಹಳ್ಳಿಗರಿಗೆ ಗೊತ್ತಿತ್ತು. ಗಢವಾಲ ಮತ್ತು ಕುಮಾಊಂ ಬೆಟ್ಟಗಳ ಜನ ಇಲಿ ಸತ್ತು ಬೀಳತೊಡಗಿದರೆ ಊರು ಬಿಟ್ಟು ಮೇಲಿನ ಕಾಡಿಗೆ ಹೋಗುತ್ತಿದ್ದರೆಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನ ಬ್ರಿಟಿಷ್ ವೈದ್ಯರೇ ಬರೆದಿಟ್ಟಿದ್ದಾರೆ. ಕನ್ನಡ ನಾಡಿನಲ್ಲಿಯೂ ಪ್ಲೇಗು ಬಂದ ಮೊದಲ ಕೆಲವು ವರ್ಷಗಳಲ್ಲಿಯೇ ಇದು ರೂಢಿಯಾಯಿತು. ಇಲಿ ಬಿತ್ತೆಂದರೆ ಊರ ಹೊರಗೆ ಹೊಲದಲ್ಲಿ, ತೋಪಿನಲ್ಲಿ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳು ಕಳೆಯುವುದು. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಆ ಗುಡಿಸಲುಗಳ ನೆನಪಿರುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿಯೂ ಇಲಿಗಳು ಬೀಳುತ್ತವೆ, ಶಾಸ್ತ್ರ ಹುಡುಕುವುದರಲ್ಲಿ ಮುಳುಗಿದವರಿಗೆ ಅದರ ಅರ್ಥ ಮಾತ್ರ ತಿಳಿಯುವುದಿಲ್ಲ. ಇಲಿ ಬಿದ್ದರೆ ಮನೆ ಬಿಡು ಎಂಬ ಆ ಒಂದು ನಡವಳಿಕೆಯಷ್ಟು ಸರಿಯಾದ ಮುನ್ನೆಚ್ಚರಿಕೆ 1897ರ ಸರ್ಕಾರದ ಬಳಿ ಇನ್ನೊಂದಿರಲಿಲ್ಲ. ಕೇಳುವ ವ್ಯವಧಾನವಿದ್ದಿದ್ದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕಾಗಿದ್ದ ಸಂದೇಶ ಅದು. ಸಂವಹನವೆಂದರೆ ತಿಳಿದವರು ತಿಳಿಯದವರಿಗೆ ಹೇಳುವುದು ಎಂಬ ಎಣಿಕೆ ಎಷ್ಟು ಹಳೆಯದೋ ಅಷ್ಟೇ ದುಬಾರಿ.

ಇನ್ನು ಚುಚ್ಚುಮದ್ದಿನ ಕಥೆ. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದರು. ಅದಕ್ಕೆ ಮೊದಲು ಕಲ್ಕತ್ತೆಯ ಬಸ್ತಿಗಳಲ್ಲಿ ಕಾಲರಾ ಲಸಿಕೆ ಹಾಕಹೋಗಿ ಪ್ರತಿರೋಧ ಎದುರಿಸಿದ್ದ ಅನುಭವ ಅವರಿಗಿತ್ತು. ಅಲ್ಲಿ ಮೊದಲು ತಮ್ಮ ಜೊತೆಗಿದ್ದ ಬಂಗಾಳಿ ವೈದ್ಯರು ಜನರೆದುರೇ ಸೂಜಿ ಚುಚ್ಚಿಸಿಕೊಂಡ ಮೇಲೆಯೇ ನೆರೆದವರು ಮುಂದೆ ಬಂದಿದ್ದರು. ಆ ಪಾಠವನ್ನು ಅವರು ಮರೆಯಲಿಲ್ಲ. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಕೋಣೆಯೊಂದರಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಸಿಕೊಂಡರು. ಅದೂ ಮುಂದೆ ಜನರಿಗೆ ಕೊಡಲಿದ್ದ ಪ್ರಮಾಣಕ್ಕಿಂತ ಹೆಚ್ಚಾಗಿ. ಆ ತಿಂಗಳ ಕೊನೆಗೆ ಬೈಕುಲ್ಲಾ ಸೆರೆಮನೆಯಲ್ಲಿ ರೋಗ ಕಾಣಿಸಿಕೊಂಡಾಗ ಅಲ್ಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಕೊಟ್ಟರು. ಖೋಜಾ ಸಮುದಾಯದ ಧರ್ಮಗುರು, ಆಗಿನ್ನೂ ಇಪ್ಪತ್ತರ ಆಸುಪಾಸಿನ ಆಗಾಖಾನ್ ತಮ್ಮವರ ಎದುರಿಗೆ ತೋಳು ಚಾಚಿ ಸೂಜಿ ಹಾಕಿಸಿಕೊಂಡರು. ಸಾವಿರಾರು ಮಂದಿ ಖೋಜಾಗಳು ಅವರನ್ನು ಅನುಸರಿಸಿದರು. ಹಾಫ್‌ಕಿನ್ನರ ಕೆಲಸಕ್ಕೆಂದು ತಮ್ಮ ಬಂಗಲೆಯೊಂದನ್ನೂ ಅವರು ಬಿಟ್ಟುಕೊಟ್ಟರು.

ಹಾಫ್‌ಕಿನ್ನರ ಸೂಜಿಗೆ ಅಡ್ಡಿಗಳು ಇರಲಿಲ್ಲವೆಂದಲ್ಲ. ಚುಚ್ಚಿಸಿಕೊಂಡ ರಾತ್ರಿ ಜೋರು ಜ್ವರ. ತೋಳು ಬಾತು ಎರಡು ದಿನ ಕೂಲಿ ತಪ್ಪುತ್ತಿತ್ತು. ಮದ್ದಿನೊಳಗೆ ಏನಿದೆ ಎಂಬ ಅನುಮಾನ ಬೇರೆ. ಸೂಕ್ಷ್ಮಾಣು ಬೆಳೆಸುವ ಸಾರಿಗೆ ದನದ ಮಾಂಸ ಬಳಸಿದರೆ ಹಿಂದೂಗಳು, ಹಂದಿಯದಾದರೆ ಮುಸಲ್ಮಾನರು ಮುಟ್ಟುವುದಿಲ್ಲವೆಂದು ಅರಿತು ಆಡಿನ ಮಾಂಸವನ್ನು ಆರಿಸಿಕೊಂಡದ್ದು, ಸಾರಿನ ಮೇಲೆ ತೇಲಿಬಿಡಲು ತುಪ್ಪವನ್ನು ಬಳಸಿದ್ದು ಅವರ ಜಾಣತನ. ಸಸ್ಯಾಹಾರಿಗಳಿಗೆ ಅದರಿಂದ ಸಮಾಧಾನವಾಗಲಿಲ್ಲ, ಆ ಮಾತು ಬೇರೆ.

ಈಗ ಹುಬ್ಬಳ್ಳಿಗೆ ಬರೋಣ. ರೈಲು ಕೂಡುವ ಊರು, ಹತ್ತಿಯ ಪೇಟೆ, ಐವತ್ತು ಸಾವಿರದೊಳಗಿನ ಜನಸಂಖ್ಯೆ. 1898ರ ಮಳೆಗಾಲದಲ್ಲಿ ಪ್ಲೇಗು ಅಲ್ಲಿ ಭೀಕರವಾಗಿ ಹಬ್ಬಿತು. ಲ್ಯೂಮನ್ ಎಂಬ ಸರ್ಕಾರಿ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಆ ಕೆಲವೇ ತಿಂಗಳುಗಳಲ್ಲಿ ಸುಮಾರು 38,000 ಮಂದಿಗೆ ಹಾಫ್‌ಕಿನ್ನರ ಲಸಿಕೆ ಹಾಕಲಾಯಿತು. ಧಾರವಾಡ ಭಾಗದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಈ ಪ್ಲೇಗಿನ ಕೆಲಸದಲ್ಲಿದ್ದರು. ಹೆಂಗಸರನ್ನು ಹೆಂಗಸೇ ಮುಟ್ಟಿ ನೋಡುವಳೆಂಬುದು ಎಷ್ಟು ಬಾಗಿಲುಗಳನ್ನು ತೆರೆಸಿರಬೇಕೆಂಬುದನ್ನು ಪುಣೆಯ ಕಥೆ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ರೋಗವೂ ಸಾವೂ ಹಾಕಿಸಿಕೊಳ್ಳದವರಿಗಿಂತ ಬಹಳ ಕಡಿಮೆ ಎಂದು ಹುಬ್ಬಳ್ಳಿಯ ಲೆಕ್ಕಗಳು ತೋರಿಸಿದವು. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ ಆ ಲೆಕ್ಕಗಳ ನಿಖರತೆಯನ್ನು ಪ್ರಶ್ನಿಸಿತಾದರೂ ಚುಚ್ಚುಮದ್ದು ಗಣನೀಯ ರಕ್ಷಣೆ ಕೊಡುತ್ತದೆಂಬುದನ್ನು ಒಪ್ಪಿಕೊಂಡಿತು.

ಹುಬ್ಬಳ್ಳಿಯ ಜನ ಒಪ್ಪಿದ್ದೇಕೆ? ಇದನ್ನು ಮನವೊಲಿಕೆಯ ನಿರ್ಮಲ ಗೆಲುವೆಂದು ಹೇಳಿ ಊರಿನ ಹೆಮ್ಮೆಯನ್ನು ಹೆಚ್ಚಿಸಿಕೊಳ್ಳಲು ನಮಗೂ ಆಸೆಯೇ. ಆದರೆ ಸತ್ಯ ಬೆರಕೆಯದು. ಮುಂಬಯಿ ಪ್ರಾಂತದಲ್ಲಿ ಚುಚ್ಚುಮದ್ದಿನ ಚೀಟಿ ಇದ್ದವರಿಗೆ ಪ್ರತ್ಯೇಕ ಶಿಬಿರದಿಂದಲೂ ಪ್ರಯಾಣದ ತಡೆಗಳಿಂದಲೂ ವಿನಾಯಿತಿ ಸಿಗುತ್ತಿತ್ತು. ಶಿಬಿರದ ಭಯವನ್ನು ಹುಟ್ಟಿಸಿದ ಸರ್ಕಾರವೇ ಅದರಿಂದ ಪಾರಾಗುವ ಚೀಟಿಯನ್ನೂ ಕೊಡುತ್ತಿತ್ತು. ಇದು ಒಪ್ಪಿಗೆಯೋ, ಒತ್ತಾಯದ ಸಭ್ಯ ರೂಪವೋ ಎಂದು ಕೇಳಿದರೆ ನಾವು ಎರಡನೆಯದರತ್ತಲೇ ಸ್ವಲ್ಪ ವಾಲುತ್ತೇವೆ. ಆದರೂ ಚೀಟಿಯೊಂದೇ ಊರಿಗೆ ಊರನ್ನೇ ಸೂಜಿಯತ್ತ ಕರೆತರಲಾರದು. ಅದೇ ಚೀಟಿ ಬೇರೆ ಊರುಗಳಲ್ಲಿ ಅಷ್ಟು ಕೆಲಸ ಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ಸಾವು ಓಣಿಯೊಳಗೇ ಇತ್ತು, ಸೂಜಿ ಹಾಕಿಸಿಕೊಂಡು ಉಳಿದವನೂ ಅದೇ ಓಣಿಯಲ್ಲಿದ್ದ. ಪಕ್ಕದ ಮನೆಯ ಅಣ್ಣ ಎರಡು ದಿನ ಜ್ವರದಲ್ಲಿ ನರಳಿ ಮೂರನೆಯ ದಿನ ಅಂಗಡಿ ತೆರೆದದ್ದನ್ನು ನೋಡಿದವನಿಗೆ ಕರಪತ್ರ ಬೇಕಿಲ್ಲ.

ಅಷ್ಟರಲ್ಲಿ ಸರ್ಕಾರಕ್ಕೂ ಬುದ್ಧಿ ಬರತೊಡಗಿತ್ತು. 1898ರ ಮಾರ್ಚ್ 9ರಂದು ಮುಂಬಯಿಯ ಮದನಪುರದಲ್ಲಿ ಜುಲಾಹ ನೇಕಾರರ ಮನೆಯೊಂದರಲ್ಲಿ ಕಾಯಿಲೆ ಬಿದ್ದ ಹುಡುಗಿಯನ್ನು ಪರೀಕ್ಷಿಸಲು ಹೋದಾಗ ದಂಗೆಯೆದ್ದಿತು. ಗೋಲಿಬಾರು, ಸಾವು, ಮುಷ್ಕರ ಎಲ್ಲವೂ ಆದವು. ಅದರ ಬಳಿಕ ಸೋಜರ ತಪಾಸಣೆ ಹಿಂದೆ ಸರಿಯಿತು. ಆಯಾ ಸಮುದಾಯದವರೇ ತಮ್ಮ ಆಸ್ಪತ್ರೆ ನಡೆಸಿಕೊಳ್ಳಬಹುದೆಂದರು. ವೈದ್ಯರು, ಹಕೀಮರು, ಓಣಿಯ ಹಿರಿಯರು ಇವರ ಮೂಲಕ ಮಾತನಾಡತೊಡಗಿದರು. ಜನರ ನಡವಳಿಕೆ ಬದಲಾಗಬೇಕೆಂದು ಹೊರಟ ಸರ್ಕಾರ ಮೊದಲು ತನ್ನದನ್ನು ಬದಲಿಸಿಕೊಳ್ಳಬೇಕಾಯಿತು.

ಹುಬ್ಬಳ್ಳಿಯ ಕಡೆಯಿಂದಲೇ ರೈಲಿನ ಹಾದಿಯಲ್ಲಿ 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡ ಕಥೆ ಎಲ್ಲರಿಗೂ ಗೊತ್ತು. ಆ ಕಾಲದಲ್ಲಿ ನೆಲೆಗೊಂಡ ಪ್ಲೇಗ್ ಮಾರಮ್ಮನ ಗುಡಿಗಳು ಅಲ್ಲಿ ಇಂದಿಗೂ ಇವೆ. ಕೊಯಮತ್ತೂರಿನಲ್ಲಿರುವ ನಮ್ಮ ಗೆಳೆಯರು ಅಲ್ಲಿನ ಪ್ಲೇಗ್ ಮಾರಿಯಮ್ಮನನ್ನು ಬಲ್ಲರು. ಚುಚ್ಚುಮದ್ದು ಹಾಕಿಸಿಕೊಂಡವರೇ ಆ ಗುಡಿಗಳಲ್ಲಿ ಹರಕೆ ತೀರಿಸಿದ್ದರೆ ನಮಗೇನೂ ಆಶ್ಚರ್ಯವಿಲ್ಲ. ಒಂದನ್ನು ನಂಬಿದವರು ಇನ್ನೊಂದನ್ನು ಬಿಡಬೇಕೆಂಬ ಹಟ ಲೆಕ್ಕ ಬರೆಯುವವರದು, ಬದುಕುವವರದಲ್ಲ.

ವಿಶ್ವಾಸ ಗಳಿಸಲು ಹಿಡಿದ ಕಾಲಕ್ಕೂ ಕಳೆಯಲು ಹಿಡಿದ ಕಾಲಕ್ಕೂ ಇರುವ ಅಂತರ ಪಂಜಾಬಿನಲ್ಲಿ ಕಂಡಿತು. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಪಂಜಾಬಿನ ದೊಡ್ಡ ಲಸಿಕೆ ಯೋಜನೆ ಕುಸಿಯಿತು. ಹಾಫ್‌ಕಿನ್ನರನ್ನು ಕೆಲಸದಿಂದ ಅಮಾನತುಗೊಳಿಸಿ ತಪ್ಪು ಅವರ ಪ್ರಯೋಗಾಲಯದ್ದೆಂದರು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಲಾಗಿತ್ತು ಎಂಬ ಸಂಗತಿಗೆ ತಕ್ಕ ಬೆಲೆ ಸಿಗಲು ವರ್ಷಗಳೇ ಬೇಕಾದವು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಹಿರಂಗ ಪತ್ರ ಬರೆದ ಮೇಲೆ ಆ ವರ್ಷದ ಕೊನೆಗೆ ಹಾಫ್‌ಕಿನ್ ದೋಷಮುಕ್ತರಾದರು. ಅವರ ಹೆಸರೇನೋ ತೊಳೆಯಿತು. ಪಂಜಾಬಿನ ರೈತರ ಮನಸ್ಸನ್ನು ತೊಳೆಯಲು ಪತ್ರಿಕೆಗೆ ಬರೆದ ಪತ್ರ ಸಾಲುವಂತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಪ್ಲೇಗು ಅತಿ ಹೆಚ್ಚು ಜೀವ ತೆಗೆದ ಪ್ರಾಂತಗಳಲ್ಲಿ ಪಂಜಾಬೂ ಒಂದು. ಇಡೀ ದೇಶದಲ್ಲಿ ಮೂರು ದಶಕಗಳಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಪರೇಲಿನ ಹಳೆಯ ಗವರ್ನಮೆಂಟ್ ಹೌಸಿನಲ್ಲಿ 1899ರಲ್ಲಿ ಆರಂಭವಾದ ಪ್ಲೇಗ್ ಸಂಶೋಧನಾಲಯಕ್ಕೆ 1925ರಲ್ಲಿ ಹಾಫ್‌ಕಿನ್ನರ ಹೆಸರಿಟ್ಟರು. ನಮ್ಮಲ್ಲಿ ಹಲವರು ಕೆ.ಇ.ಎಂ. ಆಸ್ಪತ್ರೆಗೆ ಹೋಗುವಾಗ ಅದರ ಸಮೀಪವೇ ಹಾದುಹೋಗುತ್ತೇವೆ.

ಮೊನ್ನೆ ನಮ್ಮ ಸಂಶೋಧಕಿ ಮತ್ತೆ ಸಿಕ್ಕಿದ್ದಳು. ತನ್ನ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಸೇರಿಸಿದ್ದಾಳಂತೆ: ಈ ಮಾತನ್ನು ನಿಮಗೆ ಹೇಳಿದವರು ಯಾರು, ಇದಕ್ಕೆ ಮುಂಚೆ ಅವರು ನಿಮ್ಮ ಮನೆಗೆ ಯಾವಾಗ ಬಂದಿದ್ದರು, ಏಕೆ ಬಂದಿದ್ದರು? ಮಾರ್ಗದರ್ಶಕರು ಇದನ್ನು ಅಳೆಯುವುದು ಹೇಗೆಂದು ಕೇಳಿದ್ದಾರಂತೆ. ಅವಳು ಅದನ್ನು ಹಿರಿಯರೆದುರು ಹೇಳಿಕೊಂಡಾಗ ಅವರು ತಮ್ಮ ಅಜ್ಜಿಯ ಮಾತೊಂದನ್ನು ನೆನಪು ಮಾಡಿಕೊಂಡರು. ಪ್ಲೇಗಿನ ವರ್ಷ ಯಾವುದೆಂದು ಕೇಳಿದರೆ ಆ ಅಜ್ಜಿಗೆ ಇಸವಿ ಬರುತ್ತಿರಲಿಲ್ಲವಂತೆ. “ಅದ, ಇಲಿ ಬಿದ್ದ ವರ್ಸ,” ಎನ್ನುತ್ತಿದ್ದಳಂತೆ. “ನಮ್ಮವ್ವ ಸೂಜಿ ಹಾಕಿಸ್ಕೊಂಡಾಕಿ, ಉಳದ್ಲು. ದೊಡ್ಡವ್ವ ಅಂಜಿ ಅಟ್ಟದ ಮ್ಯಾಲ ಅಡಗಿದ್ಲು.”

ಹುಡುಗಿ ಅದನ್ನು ಹಾಗೆಯೇ ಬರೆದುಕೊಂಡಳು.